ಇಪ್ಪತ್ತನೆಯ ವಾಕ್ಯ

ಬೇಬಿಗೆ ನಲವತ್ತಮೂರು ವರ್ಷ. ಅಂಗಡಿಯ ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆಯೇ ಹೆಸರಿದೆ. ಮನೆಯಲ್ಲಿ ಮಾತ್ರ ಹುಟ್ಟಿದ ದಿನ ಅಂಟಿದ ಬೇಬಿ, ತಲೆಗೂದಲು ನರೆತರೂ ಬಿಟ್ಟಿಲ್ಲ. ಕೆಲಸ ಕನ್ನಡಕದ ಅಂಗಡಿಯಲ್ಲಿ, ಕಣ್ಣು ಪರೀಕ್ಷೆ ಮಾಡುವುದು. ಬಂದವರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, "ಈಗ ಒಂದನೇದು, ಈಗ ಎರಡನೇದು, ಯಾವುದು ಚೆನ್ನಾಗಿ ಕಾಣುತ್ತೆ?" ಎಂದು ಕೇಳುವುದು. ಹದಿನೆಂಟು ವರ್ಷದಿಂದ ಇದೇ ಪ್ರಶ್ನೆ. ಅಂಥವಳ ಮುಂದೆಯೇ ಒಂದು ದಿನ ಒಂದನೇದೂ ಎರಡನೇದೂ ಬಂದು ನಿಂತವು, ಆರಿಸಿಕೊಳ್ಳಲು ಹತ್ತು ಸೆಕೆಂಡು ಕೊಟ್ಟವು. ಆ ಹತ್ತು ಸೆಕೆಂಡಿನ ಕಥೆ ಇದು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅವಳ ಅಪ್ಪ ವೈರ್‌ಮನ್. ನಲವತ್ತು ವರ್ಷ ಬೇರೆಯವರ ಗೋಡೆ ಕೊರೆದು ಬೆಳಕು ಹತ್ತಿಸಿದವನು. ಅವನಿಗೊಂದು ಚಾಳಿ ಇತ್ತು: ಮನೆಯವರೆಲ್ಲ ಒಟ್ಟಿಗೆ ಹೊರಗೆ ಹೊರಟರೆ ಮೇನ್ ಸ್ವಿಚ್ ಇಳಿಸಲೇಬೇಕು. ಐದು ನಿಮಿಷದ ಕೆಲಸಕ್ಕೆ ಹೊರಟರೂ ಅಷ್ಟೇ, ಐದು ದಿನಕ್ಕೆ ಹೊರಟರೂ ಅಷ್ಟೇ. ಚಪ್ಪಲಿ ಮೆಟ್ಟಿಕೊಂಡ ಮೇಲೆ ಮತ್ತೆ ಬಿಟ್ಟು, ಸ್ಟೂಲು ಎಳೆದುಕೊಂಡು, ಬಾಗಿಲ ಮೇಲಿನ ಪೆಟ್ಟಿಗೆಯಲ್ಲಿ ಟಕ್ ಅನ್ನಿಸಿ ಬಂದರೇ ಸಮಾಧಾನ. ವಯಸ್ಸಿನಲ್ಲಿದ್ದಾಗ ತಾನೇ ವೈರಿಂಗ್ ಮಾಡಿದ ಮನೆಯೊಂದು ಜನವಿಲ್ಲದ ಹೊತ್ತಿನಲ್ಲಿ ಹೊತ್ತಿ ಉರಿದದ್ದನ್ನು ಬೀದಿಯಲ್ಲಿ ನಿಂತು ನೋಡಿದ್ದನಂತೆ. ತಪ್ಪು ಅವನದಲ್ಲ, ಯಾರೋ ಇಸ್ತ್ರಿಪೆಟ್ಟಿಗೆ ಮರೆತಿದ್ದರು. ಆದರೂ ಅವತ್ತು ಹೊಕ್ಕ ಭಯ ಹೋಗಲಿಲ್ಲ. ಫ್ರಿಜ್ಜಿನ ನೀರು ಅಡುಗೆಮನೆಯೆಲ್ಲ ಹರಿದು, ಹಾಲು ಒಡೆದು, ಅಮ್ಮ ಎಷ್ಟು ಸಲ ಕೂಗಾಡಿದ್ದಾಳೋ ಲೆಕ್ಕವಿಲ್ಲ.

"ಹಾಲು ಬೇರೆ ತರಬಹುದು ಕಣೇ," ಎನ್ನುತ್ತಿದ್ದ ಅಪ್ಪ. "ಮನೆ ಎಲ್ಲಿಂದ ತರ್ತೀಯ?"

ಆ ಗಂಟಲಿಗೇ ಕಾಯಿಲೆ ಬಂತು. ಮೊದಲು ಧ್ವನಿ ಒಡೆಯಿತು, ಆಮೇಲೆ ನುಂಗುವುದು ಕಷ್ಟವಾಯಿತು, ಆಮೇಲೆ ಉಸಿರೇ ಸಿಳ್ಳೆ ಹಾಕತೊಡಗಿತು. ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಹತ್ತು ದಿನದಾಚೆಗೆ ಒಂದು ದಿನ ಗೊತ್ತು ಮಾಡಿದರು. ಅಪ್ಪ ಗೋಡೆಯ ಪ್ಲಗ್ ನೋಡುತ್ತ ಕೂತಿದ್ದ. ಹೊರಗೆ ಬಂದಮೇಲೆ, "ಅಲ್ಲಿ ಅರ್ತಿಂಗ್ ಕೊಟ್ಟಿಲ್ಲ," ಎಂದ. ಅಷ್ಟೇ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಒಬ್ಬರು ಹೆಂಗಸಿದ್ದರು. ಎಲ್ಲರೂ ಅವರನ್ನು ಮಾತಿನ ಟೀಚರ್ ಎಂದೇ ಕರೆಯುತ್ತಿದ್ದರು. ಅವರು ಬೇಬಿಯನ್ನು ಕೂರಿಸಿಕೊಂಡು ಒಂದು ಪೆನ್‌ಡ್ರೈವ್ ಕೈಗಿಟ್ಟರು. ಕಿರುಬೆರಳಿನಷ್ಟಿತ್ತು, ಮೇಲೆ ಹನ್ನೊಂದು ಎಂದು ಬರೆದ ಚೀಟಿ.

"ನೋಡಿ, ಇದರೊಳಗೆ ಒಂದು ಇಡೀ ಕಂಪ್ಯೂಟರ್ ಇದೆ ಅಂತ ಇಟ್ಕೊಳ್ಳಿ. ನಿಮ್ಮನೇ ಕಂಪ್ಯೂಟರ್‌ಗೆ ಚುಚ್ಚಿ ಆನ್ ಮಾಡಿದ್ರೆ, ಒಳಗಿರೋದನ್ನ ಬಿಟ್ಟು ಇದರಿಂದಲೇ ಶುರುವಾಗುತ್ತೆ. ಒಬ್ಬರ ಮನೇಲಿ ವೈರಸ್ಸು, ಇನ್ನೊಬ್ಬರ ಮನೇಲಿ ಮೈಕ್ ಹಿಡಿಯಲ್ಲ, ಅದಕ್ಕೇ ಈ ಏರ್ಪಾಡು. ಮುನ್ನೂರ ಮೂವತ್ತು ವಾಕ್ಯ ಒಂದೊಂದಾಗಿ ಬರುತ್ತೆ, ನಿಮ್ಮಪ್ಪ ಓದ್ಬೇಕು. ಕೊನೇಲಿ ಇಪ್ಪತ್ತು ಖಾಲಿ ಬಿಟ್ಟಿದ್ದೀವಿ, ಅವರಿಗೆ ಇಷ್ಟ ಬಂದಿದ್ದು ಹೇಳ್ಲಿ. ಆಮೇಲೆ ಅವರಿಗೆ ಒಂದು ಸಣ್ಣ ಮಿಷನ್ ಕೊಡ್ತೀವಿ. ಅದರಲ್ಲಿ ಬರೆದರೆ ಅದು ಅವರದ್ದೇ ಧ್ವನೀಲಿ ಮಾತಾಡುತ್ತೆ."

ಬೇಬಿಯ ಕಣ್ಣಲ್ಲಿ ನೀರು ಬಂತು. ಟೀಚರ್ ಬೆರಳೆತ್ತಿ, "ಒಂದು ಮಾತು ಮರೀಬೇಡಿ," ಎಂದರು. "ಶುರುವಾಗುವಾಗ ಎರಡು ಸಾಲು ಬರುತ್ತೆ. ಮೊದಲನೇದು ನಾವು ಜನಕ್ಕೆ ತೋರ್ಸೋಕೆ ಇಟ್ಟಿರೋದು. ಅದರಲ್ಲಿ ಏನೇ ಮಾಡಿದ್ರೂ ಆಫ್ ಆದ್ಮೇಲೆ ಒಂದೂ ಉಳಿಯಲ್ಲ. ಎರಡನೇದು ನಿಮಗೆ. ಹತ್ತು ಸೆಕೆಂಡ್ ಟೈಮ್ ಇರುತ್ತೆ, ಅಷ್ಟರಲ್ಲಿ ಒತ್ತದಿದ್ರೆ ತಾನಾಗೇ ಮೊದಲನೇದು ಶುರುವಾಗಿಬಿಡುತ್ತೆ. ಕೆಳಗಿನ ಬಾಣ ಒಂದ್ಸಲ ಒತ್ತಿ, ಎಂಟರ್ ಹೊಡೀರಿ."

"ಎರಡನೇದು," ಎಂದಳು ಬೇಬಿ. "ನಂಗೆ ಇದು ದಿನದ ಕೆಲಸ ಬಿಡಿ ಮೇಡಂ."

ಮನೆಯ ಕಂಪ್ಯೂಟರ್ ಎಂಬುದು ಹಳೇ ಡಬ್ಬ. ಆನ್ ಮಾಡಿದರೆ ಗಿರಣಿಯ ಸದ್ದು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೂತವಳಿಗೆ ಹನ್ನೆರಡಾದರೂ ಅದು ಬಗ್ಗಲಿಲ್ಲ. ಮುಂದಿನ ತೂತಿಗೆ ಚುಚ್ಚಿದರೆ ಪೆನ್‌ಡ್ರೈವ್ ಇದೆಯೆಂದೇ ಒಪ್ಪದು. ಟೀಚರಿಗೆ ಫೋನು ಮಾಡಿದರೆ, ಕಂಪನಿಯ ಗುರುತು ಮೂಡಿದ ತಕ್ಷಣ ಎಫ್ ಹನ್ನೆರಡು ಒತ್ತಿ, ಆಗದಿದ್ದರೆ ಎಫ್ ಎರಡು, ಅದೂ ಆಗದಿದ್ದರೆ ಡಿಲೀಟ್ ಎಂದರು. ಗುರುತು ಮೂಡಿ ಮಾಯವಾಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಆಫ್, ಆನ್, ಆಫ್, ಆನ್. ತಲೆ ಕೆಟ್ಟುಹೋಯಿತು. ಕೊನೆಗೆ ಅಪ್ಪನೇ ಟಾರ್ಚು ಹಿಡಿದು ಮೇಜಿನ ಹಿಂದೆ ತೂರಿ, "ಹಿಂದ್ಗಡೆ ಹಾಕಿ ನೋಡೇ," ಎಂದ. ಹಿಂದಿನ ತೂತಿಗೆ ಹಾಕಿ, ಡಿಲೀಟ್ ಒತ್ತಿ, ಮೊದಲು ಪೆನ್‌ಡ್ರೈವ್ ನೋಡು ಎಂದು ಅದಕ್ಕೆ ತಿಳಿಯ ಹೇಳಿ, ಮತ್ತೆ ಆನ್ ಮಾಡಿದಾಗ, ಅಬ್ಬಾ, ಕಪ್ಪು ಪರದೆಯ ಮೇಲೆ ಎರಡು ಸಾಲು ಬಂದವು. ಮೂಲೆಯಲ್ಲಿ ಹತ್ತು, ಒಂಬತ್ತು ಎಂದು ಅಂಕಿ ಇಳಿಯತೊಡಗಿತು.

ಅದೇ ಹೊತ್ತಿಗೆ ಮೇಜಿನ ಹಿಂದಿನ ಧೂಳು ಕುಡಿದಿದ್ದ ಅಪ್ಪನಿಗೆ ಕೆಮ್ಮು ಹತ್ತಿತು. ಸಾಮಾನ್ಯ ಕೆಮ್ಮಲ್ಲ. ಉಸಿರು ಒಳಗೆ ಹೋಗದೆ, ಮುಖ ಕೆಂಪಾಗಿ, ಕೈ ಗಾಳಿಯಲ್ಲಿ ಏನನ್ನೋ ಹುಡುಕತೊಡಗಿತು. ಬೇಬಿ ಕುರ್ಚಿ ತಳ್ಳಿ ಓಡಿದಳು. ಬೆನ್ನು ನೀವಿ, ನೀರು ಕುಡಿಸಿ, ಉಗುಳಿದ್ದರಲ್ಲಿ ಕೆಂಪು ಕಂಡು, ಬಾಯಿ ಒರೆಸಿ, ಅವನನ್ನು ಮಂಚಕ್ಕೆ ಒರಗಿಸಿ ತಿರುಗುವಾಗ ಪರದೆ ತಿಳಿನೀಲಿಯಾಗಿತ್ತು. ನಡುವೆ ಮೈಕಿನ ಚಿತ್ರ. ಕೆಳಗೆ, ಶುರುಮಾಡೋಣವೇ?

ಯಾರು ಆ ಜಾಗದಲ್ಲಿದ್ದರೂ ಏನು ಮಾಡುತ್ತಿದ್ದರು ಹೇಳಿ. ಎರಡು ಗಂಟೆ ಒದ್ದಾಡಿ ಬಂದ ಪರದೆ, ಅತ್ತ ಈಗಷ್ಟೇ ಉಸಿರು ಸಿಕ್ಕಿದ ಅಪ್ಪ. ಎರಡನೇ ಸಾಲು ಒತ್ತಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಅನ್ನಿಸಿತು, ಆದರೆ ಮತ್ತೆ ಆಫ್ ಮಾಡಿದರೆ ಇದು ಬರುತ್ತದೋ ಇಲ್ಲವೋ ಎಂಬ ಭಯ ಅದನ್ನು ನುಂಗಿಹಾಕಿತು. ಒಂದು ವಾಕ್ಯ ಓದಿಸಿ ನೋಡಿದಳು. ಓದಿದ ಕೂಡಲೇ ಹಸಿರು ಗುರುತು, ಪಕ್ಕದಲ್ಲಿ 'ಉಳಿಸಲಾಗಿದೆ'. ಉಳಿಸಿದೆ ಎಂದು ಅದೇ ಹೇಳುತ್ತಿದೆಯಲ್ಲ, ಇನ್ನೇನು ಬೇಕು? ಸ್ವಿಚ್ಚಿನ ಮೇಲೆ ದಪ್ಪ ಅಕ್ಷರದಲ್ಲಿ 'ಮುಟ್ಟಬೇಡಿ' ಎಂದು ಬರೆದು ಚೀಟಿ ಅಂಟಿಸಿದಳು. ಕೆಲಸ ಮುಗಿಯುವ ತನಕ ಆ ಡಬ್ಬ ಆಫ್ ಆಗಕೂಡದು ಎಂದು ಮನೆಗೆಲ್ಲ ಆಜ್ಞೆ ಮಾಡಿದಳು.

ಆರು ದಿನ ಅದು ಉರಿಯಿತು. ಖಾಲಿ ಕೋಣೆಯಲ್ಲಿ ಲೈಟು ಕಂಡರೆ ಮೈ ಪರಚಿಕೊಳ್ಳುವ ಅಪ್ಪ ಆರು ದಿನ ಅದನ್ನು ಸಹಿಸಿದ. ದಿನಕ್ಕೆ ನಾಲ್ಕು ಸಲ ಬಂದು ಡಬ್ಬದ ಬೆನ್ನು ಮುಟ್ಟಿ, "ಬಿಸಿಯಾಗಿದೆ," ಎನ್ನುತ್ತಿದ್ದ.

"ಅಪ್ಪಾ, ನಿನ್ನ ದಮ್ಮಯ್ಯ, ಮುಟ್ಟಬೇಡ."

"ಮುಟ್ಟಲ್ಲ ಮಾರಾಯ್ತಿ. ಬಿಸಿಯಾಗಿದೆ ಅಂದೆ, ಅಷ್ಟೇ."

ಆ ಆರು ದಿನದಲ್ಲಿ ಕರೆಂಟು ಒಂದೇ ಒಂದು ಸಲ ಹೋಗಬಾರದಿತ್ತೇ? ಬೇರೆ ದಿನವಾಗಿದ್ದರೆ ಹೋಗುತ್ತಿತ್ತು. ಹೋಗಿದ್ದರೆ ಎರಡನೇ ದಿನಕ್ಕೇ ಬಣ್ಣ ಬಯಲಾಗಿ, ಮತ್ತೆ ಮೊದಲಿಂದ ಶುರುಮಾಡಲು ಹೊತ್ತು ಸಿಗುತ್ತಿತ್ತು. ಹಾಳಾದ್ದು, ದೀಪ ಒಮ್ಮೆ ಮಿಣುಕಲೂ ಇಲ್ಲ.

ಬೇಬಿ ಕೆಲಸದಿಂದ ಸಂಜೆ ಬಂದು ಮುಖ ತೊಳೆದರೆ ಓದು ಶುರು. ಆ ವಾಕ್ಯಗಳನ್ನು ಯಾವ ಪುಣ್ಯಾತ್ಮ ಬರೆದಿದ್ದನೋ. 'ನನ್ನ ಹಳದಿ ಛತ್ರಿಯನ್ನು ಯಾರು ಒಯ್ದರು?' 'ಆನೆಗೆ ಏಣಿ ಹತ್ತಲು ಬರುವುದಿಲ್ಲ.' ಅಪ್ಪ ಕನ್ನಡಕ ಏರಿಸಿಕೊಂಡು, ಸಾಕ್ಷಿ ಹೇಳುವವನ ಹಾಗೆ ನೆಟ್ಟಗೆ ಕೂತು ಓದುತ್ತಿದ್ದ. ಒಡಕು ಧ್ವನಿ, ನಡುನಡುವೆ ಸಿಳ್ಳೆ. ಆದರೂ ಅದು ಅಪ್ಪನದೇ. ಆನೆಯ ವಾಕ್ಯ ಮುಗಿಸಿ, "ಏಣಿ ತಡೀಬೇಕಲ್ಲ ಮೊದಲು," ಎಂದ. ಅದೂ ರೆಕಾರ್ಡ್ ಆಯಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ ನಕ್ಕು ನಕ್ಕು ಸುಸ್ತಾದಳು. ಎಷ್ಟು ತಿಂಗಳ ಮೇಲೆ ಅವಳು ನಕ್ಕಿದ್ದು!

ಮೊಬೈಲಿನಲ್ಲಿ ಅಪ್ಪನ ಧ್ವನಿ ಮೊದಲೇ ಇರಲಿಲ್ಲವೇ ಎಂದು ನೀವು ಕೇಳಬಹುದು. ಇರಲಿಲ್ಲ. ಯಾರಾದರೂ ಫೋನು ಎತ್ತಿ ಹಿಡಿದರೆ ಸಾಕು, ಅಪ್ಪನ ಬಾಯಿಗೆ ಬೀಗ ಬೀಳುತ್ತಿತ್ತು. ಮನೆಯ ವಿಡಿಯೋಗಳಲ್ಲೆಲ್ಲ ಅವನು ಫ್ಯೂಸು ಹಾರಿದ ಬಲ್ಬಿನ ಹಾಗೆ ಸುಮ್ಮನೆ ಕೂತಿದ್ದಾನೆ.

ಐದನೆಯ ದಿನ ಸ್ವಂತದ ಇಪ್ಪತ್ತು ಬಂದವು. ಅಪ್ಪ ಹಿಂದಿನ ದಿನವೇ ಹಳೇ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದ. 'ಬೇಬಿ, ಊಟ ಆಯ್ತಾ?' 'ನಂಗೆ ಸ್ವಲ್ಪ ಬಿಸಿನೀರು ಕೊಡಿ.' 'ಈ ಫ್ಯಾನ್ ಯಾರು ಹಾಕಿ ಹೋಗಿದ್ದು?' ಇದು ಅಮ್ಮನ ಒತ್ತಾಯಕ್ಕೆ ಸೇರಿದ್ದು. "ಬೈಗುಳ ಇಲ್ದೇ ಇದ್ರೆ ಅದು ನಿಮ್ಮ ಧ್ವನಿ ಅಂತ ಯಾರು ನಂಬ್ತಾರೆ?" ಎಂದಿದ್ದಳು. ಹತ್ತೊಂಬತ್ತು ಆಗುವಷ್ಟರಲ್ಲಿ ಧ್ವನಿ ಬಿದ್ದುಹೋಯಿತು. ಇಪ್ಪತ್ತನೆಯದು ಮರುದಿನಕ್ಕೆ ಉಳಿಯಿತು.

ಮರುದಿನ ಸಂಜೆ ಅಪ್ಪ ಬೇಬಿಯ ಹೆಗಲು ಹಿಡಿದು ಮೆಲ್ಲಗೆ ಕೋಣೆಯಿಂದ ಹೊರಗೆ ಕಳಿಸಿದ. "ಇದೊಂದು ನಾನೇ ಒತ್ಕೋತೀನಿ. ಗೊತ್ತಾಗಿದೆ ನಂಗೆ." ಬಾಗಿಲು ಹಾಕಿಕೊಂಡ. ಒಳಗಿನಿಂದ ಪಿಸುಪಿಸು ಕೇಳಿತು, ಮಾತು ಗೊತ್ತಾಗಲಿಲ್ಲ. ಬೇಬಿ ಬೇಕೆಂದೇ ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು. ಹೊರಗೆ ಬಂದವನ ಮುಖ ಕೆಂಪಾಗಿತ್ತು, ನಾಚಿಕೊಂಡ ಹಾಗಿತ್ತು.

"ಅದು ನಿಮ್ಮಮ್ಮಂಗೆ," ಎಂದ. "ಈಗಲ್ಲ. ನನ್ನ ಒಳಗೆ ಕರ್ಕೊಂಡು ಹೋದ್ಮೇಲೆ ಕೇಳಿಸು. ಎದುರಿಗಿದ್ರೆ ನಂಗೆ ಆಗಲ್ಲ."

ಅಮ್ಮ ಅಡುಗೆಮನೆಯಿಂದಲೇ, "ಏನದು, ನಂಗೆ ಮಾತ್ರ ಗುಟ್ಟು?" ಎಂದಳು. ನಲವತ್ತಾರು ವರ್ಷ ಸಂಸಾರ ಮಾಡಿದ ಅಪ್ಪ ಅವಳಿಗೆ ಒಂದು ದಿನವೂ ಒಂದು ಒಳ್ಳೆಯ ಮಾತು ಆಡಿದವನಲ್ಲ. ಪ್ರೀತಿ ಬಂದರೆ ಹೋಗಿ ಮಿಕ್ಸಿ ರಿಪೇರಿ ಮಾಡುತ್ತಿದ್ದ. ಹಾಗಾಗಿ ಆ ರಾತ್ರಿ ಮಲಗುವ ತನಕ ಅಮ್ಮ ಸುಮ್ಮಸುಮ್ಮನೆ ಬಂದು ಆ ನೀಲಿ ಪರದೆಯನ್ನು ನೋಡಿ ಹೋಗುತ್ತಿದ್ದಳು.

ಆಪರೇಷನ್ನಿನ ಬೆಳಿಗ್ಗೆ ಆರೂವರೆಗೇ ಗಾಡಿ ಬಂದು ಬಾಗಿಲಲ್ಲಿ ಹಾರ್ನ್ ಹೊಡೆಯಿತು. ಬೇಬಿ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುರುಕಿದಳು. ಫೈಲು, ಬಟ್ಟೆ, ಫ್ಲಾಸ್ಕು. ಓಡಿ ಹೋಗಿ ಮೇಜಿನ ಹಿಂದೆ ಕೈ ಹಾಕಿ ಪೆನ್‌ಡ್ರೈವ್ ಕಿತ್ತು ಪರ್ಸಿನ ಒಳಜೇಬಿಗೆ ಹಾಕಿಕೊಂಡಳು. ಪರದೆ ನೀಲಿಯಾಗಿಯೇ ಇತ್ತು, ಡಬ್ಬ ಗುರ್ ಎನ್ನುತ್ತಲೇ ಇತ್ತು. ಅದನ್ನು ಆರಿಸುವ ವ್ಯವಧಾನ ಯಾರಿಗಿತ್ತು? ಅಮ್ಮನ ಕೈಹಿಡಿದು ಗಾಡಿಯಲ್ಲಿ ಕೂರಿಸಿ, ಚೀಲ ಇಟ್ಟುಕೊಳ್ಳುವಾಗ ಅಪ್ಪ ಬೀಗ ಹಾಕಿಕೊಂಡು ನಿಧಾನಕ್ಕೆ ಮೆಟ್ಟಿಲಿಳಿದು ಬಂದ.

ಮಾತಿನ ಟೀಚರ್ ಎಂಟು ಗಂಟೆಗೇ ಬಂದಿದ್ದರು. ಅಪ್ಪನನ್ನು ಒಳಗೆ ಸಿದ್ಧಮಾಡುತ್ತಿದ್ದಾಗ ಬೇಬಿ ಅವರ ಕೋಣೆಗೆ ಹೋಗಿ, ಗೆದ್ದು ಬಂದವಳಂತೆ ಪೆನ್‌ಡ್ರೈವ್ ಮೇಜಿನ ಮೇಲಿಟ್ಟಳು. "ಮುನ್ನೂರೈವತ್ತೂ ಮುಗೀತು ಮೇಡಂ." ಟೀಚರ್ ನಕ್ಕು ಅದನ್ನು ಚುಚ್ಚಿದರು. ನಗು ಹಾಗೇ ಉಳಿಯಿತು, ಕಣ್ಣು ಮಾತ್ರ ಪರದೆಯ ಮೇಲೆ ಅತ್ತಿತ್ತ ಓಡಿತು. ಮತ್ತೆ ತೆಗೆದು ಚುಚ್ಚಿದರು.

"ಶುರುವಲ್ಲಿ ಎರಡನೇ ಸಾಲು ಒತ್ತಿದ್ರಿ ತಾನೇ?"

ಅಪ್ಪನ ಕೆಮ್ಮು, ಕೆಂಪು, ತಿರುಗಿದಾಗ ನೀಲಿಯಾಗಿದ್ದ ಪರದೆ ಎಲ್ಲ ಒಟ್ಟಿಗೇ ಬೇಬಿಯ ಕಣ್ಣೆದುರು ಬಂದವು. "ಹಸಿರು ಗುರುತು ಬಂತಲ್ಲ ಮೇಡಂ. ಪ್ರತಿಯೊಂದಕ್ಕೂ ಬಂತು. ಉಳಿಸಲಾಗಿದೆ ಅಂತ ಬಂತು."

"ಅದು ಎರಡರಲ್ಲೂ ಬರುತ್ತೆ," ಎಂದರು ಟೀಚರ್. ಅವರ ಮುಖವೂ ಬಿಳುಚಿತ್ತು. "ಒಂದು ನಿಮಿಷ, ತಡೀರಿ. ಮನೇಲಿ ಕಂಪ್ಯೂಟರ್ ಆಫ್ ಮಾಡಿದ್ರಾ?"

"ಇಲ್ಲ! ಹಾಗೇ ಬಿಟ್ಟು ಬಂದೆ. ಓಡ್ತಾನೇ ಇದೆ."

"ಹಾಗಾದ್ರೆ ಇನ್ನೂ ಇರಬಹುದು. ಆ ಮಿಷನ್ನಿನ ನೆನಪಲ್ಲಿರುತ್ತೆ, ಕರೆಂಟ್ ಇರೋ ತನಕ ಇರುತ್ತೆ. ಯಾರೂ ಮುಟ್ಟಬಾರ್ದು ಅಷ್ಟೇ, ನಮ್ಮ ಟೆಕ್ನಿಷಿಯನ್ನ ಈಗಲೇ ಕಳಿಸ್ತೀನಿ. ಮನೇಲಿ ಯಾರಿದ್ದಾರೆ?"

ಮನೆಯಲ್ಲಿ ಯಾರೂ ಇರಲಿಲ್ಲ. ಮನೆಯವರೆಲ್ಲ ಒಟ್ಟಿಗೆ ಹೊರಟು ಬಂದಿದ್ದರು. ಆ ಆರು ದಿನಗಳಲ್ಲಿ ಮನೆ ಪೂರ್ತಿ ಖಾಲಿಯಾದದ್ದು ಅದೇ ಮೊದಲು. ಇದು ತಲೆಗೆ ಹೋದಾಗ ಬೇಬಿ ಕುರ್ಚಿಯ ಅಂಚು ಹಿಡಿದುಕೊಂಡಳು. ಆದರೂ ಮನಸ್ಸು ಒಪ್ಪಲಿಲ್ಲ. ಅಪ್ಪನಿಗೆ ಮೆಟ್ಟಿಲಿಳಿಯಲೇ ಆಗುತ್ತಿರಲಿಲ್ಲ, ಸ್ಟೂಲು ಹೇಗೆ ಹತ್ತಿರುತ್ತಾನೆ? ಇವತ್ತಾದರೂ, ಇಂಥ ದಿನವಾದರೂ ಮರೆತಿರುವುದಿಲ್ಲವೇ? ದೇವರೇ, ಮರೆತಿರಲಿ. ಅವನ ಆಯುಷ್ಯದಲ್ಲಿ ಒಂದೇ ಒಂದು ಸಲ ಮರೆತಿರಲಿ.

ಟೀಚರ್ ಡಾಕ್ಟರಿಗೆ ಫೋನು ಮಾಡುತ್ತಲೇ ಅವಳ ಜೊತೆ ಆಪರೇಷನ್ ಕೋಣೆಯ ಕಡೆ ಓಡಿದರು. ಒಂದು ವಾರ ಮುಂದೆ ಹಾಕಲು ಆಗುತ್ತದೆಯೇ? ಆಗುವುದಿಲ್ಲ. ಎರಡು ದಿನ? ಉಸಿರಿನ ದಾರಿ ಎಳೆಯಷ್ಟೇ ಉಳಿದಿದೆ, ಎರಡು ಗಂಟೆಗೂ ನಾನು ಹೊಣೆ ಹೊರುವುದಿಲ್ಲ ಎಂದರಂತೆ ಡಾಕ್ಟರು. ಟೀಚರ್ ಫೋನು ಇಳಿಸಿ ತಲೆಯಾಡಿಸಿದರು.

ಅಪ್ಪನನ್ನು ತಳ್ಳುಮಂಚದ ಮೇಲೆ ಮಲಗಿಸಿ ಬಾಗಿಲ ಹತ್ತಿರ ತಂದಿದ್ದರು. ಹಸಿರು ಅಂಗಿ, ತಲೆಗೆ ಟೋಪಿ. ನರ್ಸು, "ಎರಡೇ ನಿಮಿಷ," ಎಂದಳು. ಬೇಬಿ ಬಾಗಿ ಕೇಳಿದಳು.

"ಅಪ್ಪಾ, ಹೊರಡುವಾಗ ಮೇನ್ ಇಳಿಸಿದ್ಯಾ?"

ಅಪ್ಪನ ಮುಖ ಅರಳಿತು. ಮಗಳೂ ಕೊನೆಗೆ ತನ್ನ ದಾರಿಗೆ ಬಂದಳಲ್ಲ ಎಂಬ ಸಂತೋಷವಿರಬೇಕು. ಸೂಜಿ ಚುಚ್ಚಿದ್ದ ಕೈಯನ್ನು ಕಷ್ಟಪಟ್ಟು ಎತ್ತಿ, ಎರಡು ಬೆರಳಿನಿಂದ ಗಾಳಿಯಲ್ಲಿ ಕೆಳಕ್ಕೆಳೆದು ತೋರಿಸಿದ. ಟಕ್.

ಬೇಬಿ ನಕ್ಕಳು. ಅಳುವುದಕ್ಕಿಂತ ಅದೇ ಸುಲಭವಾಗಿತ್ತು. ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಇವನು ಈ ಬಾಗಿಲೊಳಗೆ ಹೇಗೆ ಹೋಗುತ್ತಾನೆ? ಪರ್ಸಿನಲ್ಲಿ ಕೈಯಾಡಿಸಿ ಫೋನು ತೆಗೆದು, ರೆಕಾರ್ಡಿಂಗ್ ಒತ್ತಿ, ಅವನ ತುಟಿಯ ಹತ್ತಿರ ಹಿಡಿದಳು. ಮಾತಾಡಪ್ಪಾ ಎಂದು ಕಣ್ಣಲ್ಲೇ ಕೇಳಿದಳು. ಫೋನು ಕಂಡು ಅಪ್ಪ ಎಂದಿನಂತೆ ತುಟಿ ಬಿಗಿದ. ಗಂಟಲು ಮುಟ್ಟಿಕೊಂಡು ಸಾಕು ಎಂಬಂತೆ ಕೈಯಾಡಿಸಿದ. ಮುನ್ನೂರೈವತ್ತು ಹೇಳಿಯಾಗಿದೆಯಲ್ಲ, ಇನ್ನೇನು? ಆಮೇಲೆ ಮಗಳ ಮುಖ ನೋಡಿದ. ಅಲ್ಲಿ ಏನು ಕಂಡಿತೋ. ಮನೆಯ ಚಿಂತೆ ಎಂದುಕೊಂಡನೋ ಏನೋ, ಉಸಿರು ಎಳೆದುಕೊಂಡು, ಒಡಕು ಧ್ವನಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದ.

"ಮೇನ್ ಆಫ್ ಮಾಡಿದ್ದೀನಿ ಕಣೇ. ಗಾಬರಿ ಮಾಡ್ಕೋಬೇಡ."

ಬೇಬಿ ಬೆರಳೆತ್ತಿ ರೆಕಾರ್ಡಿಂಗ್ ನಿಲ್ಲಿಸುವಷ್ಟರಲ್ಲಿ ನರ್ಸು ಮಂಚ ತಳ್ಳಿದಳು. ಬಾಗಿಲು ಎರಡು ಕಡೆಗೂ ತೆರೆದು ಮುಚ್ಚಿಕೊಂಡಿತು. ಒಳಗೆ ಹೋಗುವಾಗ ಅಪ್ಪ ಎರಡು ಬೆರಳು ಎತ್ತಿ ಸೊನ್ನೆ ಸುತ್ತಿ ತೋರಿಸಿದ. ಇಪ್ಪತ್ತು. ಕೇಳಿಸು.

ಟೀಚರ್ ಫೋನಿನತ್ತ ಬಾಗಿದರು. ಎಷ್ಟು ಉದ್ದ ಬಂತು ಎಂದು ಕೇಳಿದರು. ಏಳು ಸೆಕೆಂಡು. ಅದರಿಂದ ಮಿಷನ್ನಿಗೆ ಮಾತು ಕಲಿಸಲು ಆಗುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. "ಟೆಕ್ನಿಷಿಯನ್ನ ಒಂದ್ಸಲ ಕೇಳಿ ನೋಡ್ತೀನಿ," ಎಂದು ಹೊರಟುಹೋದರು. ಕೇಳಿದರೂ ಏನೂ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಅಮ್ಮ ಫ್ಲಾಸ್ಕು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಳಬಾರದು ಎಂದು ಹಟ ಹಿಡಿದವಳ ಮುಖ. ಬೇಬಿ ಬಂದು ಕೂತದ್ದೇ ತಡ, ಅವಳ ಕೈಯಲ್ಲಿದ್ದ ಫೋನನ್ನೇ ನೋಡಿದಳು.

"ಇದರಲ್ಲಿ ಹಾಕ್ಕೊಂಡು ಬಂದ್ಯಾ? ಎಲ್ಲಿ, ಆ ಇಪ್ಪತ್ತನೇದು ಹಾಕು. ಅವರು ಒಳಗೆ ಹೋದ್ಮೇಲೆ ಕೇಳು ಅಂದಿದ್ರಲ್ಲ."

ಬೇಬಿ ಫೋನನ್ನು ಅಂಗೈಯಲ್ಲಿ ಹಿಡಿದೇ ಕೂತಳು. ಏನಂತ ಶುರು ಮಾಡುವುದು? ಎರಡು ಸಾಲಿತ್ತು ಅಮ್ಮ, ಹತ್ತು ಸೆಕೆಂಡಿತ್ತು ಅಂತಲೇ? ಅಮ್ಮ ಕಾದಳು. ಇವಳಿಗೆ ಬರುವುದಿಲ್ಲವೇನೋ ಎಂದುಕೊಂಡು ತಾನೇ ಬೆರಳು ಚಾಚಿ, ಪರದೆಯ ಮೇಲಿದ್ದ ಮೂರುಮೂಲೆ ಗುರುತನ್ನು ಒತ್ತಿಬಿಟ್ಟಳು.

ಮೇನ್ ಆಫ್ ಮಾಡಿದ್ದೀನಿ ಕಣೇ. ಗಾಬರಿ ಮಾಡ್ಕೋಬೇಡ.

ಅಮ್ಮ ಬೆಪ್ಪಾಗಿ ಫೋನನ್ನು ನೋಡಿದಳು. ಆಮೇಲೆ ಅವಳ ಹೆಗಲು ಅಲುಗತೊಡಗಿತು. ಆಚೆ ಬೆಂಚಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. ನಗುನಗುತ್ತಲೇ ಮುಂಗೈಯಿಂದ ಕಣ್ಣು ಒರೆಸಿಕೊಂಡಳು.

"ಅಯ್ಯೋ ನನ್ನ ಕರ್ಮವೇ! ಇದನ್ನ ಹೇಳೋಕೆ ಬಾಗಿಲು ಹಾಕ್ಕೊಂಡ್ರಾ ಈ ಮಹಾನುಭಾವ? ನಾನೋ, ಏನೇನೋ ಅಂದ್ಕೊಂಡು, ನಾಲ್ಕಕ್ಕೇ ಎದ್ದು ತಲೆ ಬಾಚ್ಕೊಂಡು ಬಂದಿದ್ದೀನಿ." ಮೂಗು ಏರಿಸಿಕೊಂಡಳು. "ಇರ್ಲಿ ಬಿಡು. ಇದೇ ಸರಿ. ಬೇರೆ ಏನಾದ್ರೂ ಹೇಳಿದ್ರೆ ನಾನೂ ನಂಬ್ತಿರ್ಲಿಲ್ಲ."

"ಅಮ್ಮಾ," ಎಂದಳು ಬೇಬಿ.

"ಉಳಿದಿದ್ದನ್ನೆಲ್ಲ ಮನೆಗೆ ಹೋದ್ಮೇಲೆ ಕೇಳೋಣ, ಅವರ ಜೊತೇಲಿ ಕೂತ್ಕೊಂಡು. ಆ ಆನೆದು ನಂಗೆ ಮೊದಲು ಹಾಕ್ಬೇಕು." ಅಮ್ಮ ಫ್ಲಾಸ್ಕು ಪಕ್ಕಕ್ಕಿಟ್ಟು, ಮಗಳಿಗೆ ಒತ್ತಿ ಕೂತು, ಫೋನಿನ ಹತ್ತಿರ ಕಿವಿ ತಂದಳು. "ಈಗ ಇದನ್ನೇ ಇನ್ನೊಂದ್ಸಲ ಹಾಕು."

ಬೇಬಿ ಹಾಕಿದಳು.